ಹಳೇ ಗೆಳೆಯರ ಊರಿಗೆ ಮೂರು ದಿನ: ಬಳ್ಳಾರಿ, ಗಂಗಾವತಿ, ಶಕ್ತಿನಗರ. ಹೋಗಿ ಬಂದವರು ಹೇಳ್ರಿ

ಕೇಳಿದವರು:
ಬೆಂಗಳೂರಿಂದ ಆಗಸ್ಟ್ ಎರಡನೇ ವಾರ ಮೂರು ದಿನ ರಜೆ ಸಿಕ್ಕಿದೆ. ಆ ಕಡೆ ಬಿಟ್ಟು ಬಂದು ಇಪ್ಪತ್ತು ವರ್ಷ. ಗೆಳೆಯರು ಮೂವರು: ಬಳ್ಳಾರಿ ಕೌಲ್‌ಬಜಾರಿನಲ್ಲಿ ಒಬ್ಬ, ಗಂಗಾವತಿ ಹತ್ತಿರ ಗದ್ದೆ ಮಾಡುವವ ಒಬ್ಬ, ಶಕ್ತಿನಗರದ ವಿದ್ಯುತ್ ಸ್ಥಾವರದ ಕ್ವಾರ್ಟರ್ಸಿನಲ್ಲಿ ಒಬ್ಬ. ಹೆಂಡತಿ, ಇಬ್ಬರು ಮಕ್ಕಳು ಜೊತೆಗೆ. ಕಾರೋ ರೈಲೋ? ಅವರ ಮನೆಯಲ್ಲೇ ಉಳಿಯೋದೋ ಲಾಡ್ಜೋ? ಏನು ಒಯ್ಯೋದು?

ಹಿರಿಯೂರು ರಸ್ತೆ:
ಕಾರು. ಎರಡು ಮಾತಿಲ್ಲ. ತುಮಕೂರು, ಶಿರಾ, ಹಿರಿಯೂರು, ಚಳ್ಳಕೆರೆ, ಬಳ್ಳಾರಿ: ಸುಮಾರು 310 ಕಿಲೋಮೀಟರ್. ಅಲ್ಲಿಂದ ಕುರುಗೋಡು, ಕಂಪ್ಲಿ ಮೇಲೆ ಗಂಗಾವತಿ. ಮುಂದೆ ಕಾರಟಗಿ, ಸಿಂಧನೂರು, ಮಾನ್ವಿ, ರಾಯಚೂರು, ಶಕ್ತಿನಗರ. ವಾಪಸ್ ಸೇರಿ ಸಾವಿರಕ್ಕೆ ಸ್ವಲ್ಪ ಕಡಿಮೆ. ಲೀಟರಿಗೆ 15 ಕೊಡೋ ಗಾಡಿಗೆ 65 ಲೀಟರ್, ಹತ್ತಿರ ಹತ್ತಿರ 6,700 ರೂಪಾಯಿ. ನನಗೆ ಟೋಲ್ 900 ಚಿಲ್ಲರೆ, ಪಂಕ್ಚರ್ 150, ಮಾನ್ವಿ ದಾಟಿದ ಮೇಲೆ ಹೊಂಡಕ್ಕೆ ಇಳಿದದ್ದಕ್ಕೆ ವೀಲ್ ಅಲೈನ್‌ಮೆಂಟ್ 600. ಸ್ಟೆಪ್ನಿಯ ಗಾಳಿ ಮನೆಯಲ್ಲೇ ನೋಡಿಕೊಳ್ಳಿ.

ಕಂಪ್ಲಿ ಸೇತುವೆ ಮರೀಬೇಡಿ. ತುಂಗಭದ್ರಾ ಡ್ಯಾಮಿನಿಂದ ಹೊಳೆಗೆ ಲಕ್ಷ ಕ್ಯುಸೆಕ್ ದಾಟಿಸಿ ಬಿಟ್ಟರೆ ನೀರು ಸೇತುವೆ ಮಟ್ಟಕ್ಕೆ ಬರುತ್ತೆ, ಪೊಲೀಸರು ಬ್ಯಾರಿಕೇಡ್ ಹಾಕ್ತಾರೆ. ಆಗ ಬುಕ್ಕಸಾಗರಕ್ಕೆ ಹೋಗಿ ಕಡೇಬಾಗಿಲು ಸೇತುವೆ ಹಿಡೀಬೇಕು. ಬ್ಯಾರಿಕೇಡ್ ನೋಡಿ ತಿರುಗೋದಕ್ಕಿಂತ ಬಳ್ಳಾರಿಯಲ್ಲೇ ಫೋನ್ ಮಾಡಿ ಕೇಳೋದು ಮೇಲು.

ಸ್ಲೀಪರ್ ಬೋಗಿ:
ಪಂಕ್ಚರ್, ಹೊಂಡ, ಅಲೈನ್‌ಮೆಂಟ್ ಎಲ್ಲ ನೀವೇ ಬರೆದು ಮೇಲೆ "ಎರಡು ಮಾತಿಲ್ಲ" ಅಂತೀರಲ್ಲ! ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬಳ್ಳಾರಿ. ವಾಪಸ್ ರಾಯಚೂರಿಂದ ಉದ್ಯಾನ್. ತೊಂದರೆ ಇರೋದು ಸಾಮಾನಿನಲ್ಲಿ. ಆ ಕಡೆ ಗೆಳೆಯರು ಬರಿಗೈಲಿ ಕಳಿಸಲ್ಲ. 25 ಕಿಲೋ ಸೋನಾ ಮಸೂರಿ ಎರಡು ಚೀಲ, ಜೋಳ ಹತ್ತು ಕಿಲೋ: ಅಲ್ಲಿಗೆ 60. ಸ್ಲೀಪರಿನಲ್ಲಿ ತಲೆಗೆ 40 ಕಿಲೋ ಬಿಡ್ತಾರೆ. ಒಬ್ಬನೇ ಹೋಗಿದ್ದೆ. ಹಮಾಲಿ ಅಲ್ಲಿ 200, ಇಲ್ಲಿ 250, ಆಟೊ 380. ಪುಕ್ಕಟೆ ಅಕ್ಕಿ ಕಾಳಿಗೆ ಕಿಲೋಗೆ ಹದಿನಾಲ್ಕು ರೂಪಾಯಿ ಕೊಟ್ಟಂಗಾಯ್ತು. ಚೀಲ ಒಂದೇ ಸಾಕು ಅಂತ ಕಟ್ಟೋ ಮುಂಚೇನೇ ಹೇಳಿ. ಕಟ್ಟಿದ ಮೇಲೆ ಬಿಚ್ಚಿಸಿದರೆ ಮುನಿಸು.

ಕಾರಟಗಿ ಅಕ್ಕ:
ಎಲ್ಲಾರೂ ಹೋಗೋರ ಲೆಕ್ಕಾನ ಬರೀಲಿಕತ್ತೀರಿ. ಬಂದೋರಿಗೆ ನೀಡೋರ ಲೆಕ್ಕ ಯಾರಿಗೂ ಬ್ಯಾಡ. ಆಗಸ್ಟ್ ಅಂದ್ರ ಎಡದಂಡೆ ಕಾಲುವಿಗೆ ನೀರು ಬಂದು ನಾಟಿ ನಡಿಯೋ ಹೊತ್ತು. ಬೆಳಿಗ್ಗೆ ಆರಕ್ಕ ಆಳು ಗದ್ದಿಗೆ ಇಳೀತಾವು. ಒಂದು ದಿನ ತಪ್ಪಿತಂದ್ರ ಆ ತಂಡ ಮತ್ತೊಬ್ಬರ ಗದ್ದಿಗೆ ಹೊಕ್ಕತಿ, ತಿರುಗಿ ಸಿಗೋದು ವಾರದ ಮ್ಯಾಲೆ. ಅಷ್ಟೊತ್ತಿಗೆ 25 ದಿನದ ಸಸಿ 35 ದಿನದ್ದಾಗಿ ಬಲಿತಿರ್ತದ, ಬುಡದಾಗ ತೆಂಡೆ (ಮರಿ) ಒಡಿಯೋದು ಕಡಿಮಿ ಆಕ್ಕತಿ. ಗೆಳೆಯಾಗ ಕೇಳಿದ್ರ "ಬಾರೋ" ಅಂತಾನ. ಅವನ ಹೆಂಡ್ತಿಗೆ ಕೇಳ್ರಿ.

ಸಂಜಿ ಏಳರ ಮ್ಯಾಲೆ ಬರ್ರಿ, ಉಣ್ರಿ, ಮಲಕೊಳ್ರಿ, ಬೆಳಿಗ್ಗೆ ಹೋಗ್ರಿ. ನಾಲ್ಕು ಮಂದಿಗೆ ಎರಡು ಹೊತ್ತಿಗೆ 25 ರೊಟ್ಟಿ. ಕಿಲೋ ಹಿಟ್ಟಿಗೆ ಹತ್ತು ಹನ್ನೆರಡು ಆಕ್ಕಾವು, ಒಂದಕ್ಕ ಎರಡು ನಿಮಿಷ. ಹಂಚಿನ ಮುಂದ 50 ನಿಮಿಷ ಕುಂತು ನೋಡ್ರಿ, ಆಮ್ಯಾಲೆ ಲಾಡ್ಜೋ ಮನಿಯೋ ಮಾತಾಡೋಣ. ಲಾಡ್ಜಿನಾಗ ಇಳಿದು ಊಟಕ್ಕಷ್ಟ ಬಂದ್ರೂ ರೊಟ್ಟಿ ಅಷ್ಟ, ಮನಸ್ತಾಪ ಹೆಚ್ಚಿಗಿ. ಮೈಸೂರು ಪಾಕ್ ಡಬ್ಬಿ ತರಬ್ಯಾಡ್ರಿ, ತುಪ್ಪ ಸೋರಿ ಇರುವಿ ಮುತ್ತತಾವು. ಮಕ್ಕಳ ಕೈಯಾಗ ರೊಕ್ಕ ಇಟ್ಟು ಹೋಗ್ರಿ.

ಮಾನ್ವಿ ಕಡೇ ಗದ್ದಿ:
"ನೀರು ಬಂದು ನಾಟಿ ನಡಿಯೋ ಹೊತ್ತು" ಅಂತ ಬರದೀರಲ್ಲ ಅಕ್ಕಾರ, ಅದು ನಿಮಗ. ನಮ್ಮ ಕಡಿ ಕಾಲುವ್ಯಾಗ ಹುಡುಗರು ಕ್ರಿಕೆಟ್ ಆಡ್ಲಿಕತ್ತಾರ. ಮ್ಯಾಲಿನವರು ಕಾಲುವಿ ದಂಡಿಗೆ ಪಂಪ್‌ಸೆಟ್ ಇಟ್ಟು ಎತ್ತಿಕೊಂಡ್ರ ಕೆಳಗ ಏನು ಬರ್ತದ?

ಕಾರಟಗಿ ಅಕ್ಕ:
ಡ್ಯಾಮಿನಾಗ 133 ಟಿಎಂಸಿ ಇದ್ದದ್ದು ಹೂಳು ತುಂಬಿ 105ಕ್ಕ ಇಳಿದೈತಿ. 2024ರ ಆಗಸ್ಟಿನಾಗ 19ನೇ ಗೇಟ್ ಕೊಚ್ಚಿಕೊಂಡು ಹೋತು. ಅದನ್ನೂ ನಾವ ಎತ್ತಿಕೊಂಡ್ವೇನು?

ಹಿರಿಯೂರು ರಸ್ತೆ:
ಗೆಳೆಯನ ಮನೆಗೆ ಹೋಗೋರಿಗೆ ಹೂಳಿನ ಲೆಕ್ಕ ಯಾಕೆ?

ಮಾನ್ವಿ ಕಡೇ ಗದ್ದಿ:
ನಿಮ್ಮ ಅಲೈನ್‌ಮೆಂಟ್ ಲೆಕ್ಕ ಯಾಕ್ರಿ ಮತ್ತ?

ಎರಡನೇ ಪಾಳಿ:
ಶಕ್ತಿನಗರದ್ದು ಯಾರೂ ಹೇಳಲಿಲ್ಲ. ಮನಿ ನಂಬರ್ ಮೊದಲು ಖಾತ್ರಿ ಮಾಡ್ಕೋರಿ. ನಿವೃತ್ತಿ ಆದ್ರ ಕ್ವಾರ್ಟರ್ಸ್ ಬಿಡಬೇಕು, ಬಡ್ತಿ ಸಿಕ್ಕರೂ ಮನಿ ಬದಲಾಗ್ತದ. ಹಳೇ ನಂಬರಿನ ಬಾಗಿಲು ಬಡದ್ರ ಗುರುತಿಲ್ಲದವರು ತೆಗೀತಾರ. ಗೆಳೆಯ ಪಾಳಿ ಕೆಲಸದವನಿದ್ರ ಪಾಳಿ ಚಾರ್ಟಿನ ಫೋಟೋ ತರಿಸ್ಕೋರಿ. ರಾತ್ರಿ ಪಾಳಿ ಮುಗಿಸಿ ಮಲಗಿದವನ ಮನಿಗೆ ಬೆಳಿಗ್ಗೆ ಹತ್ತಕ್ಕ ಹೋದ್ರ ಅವ ಎದ್ದು ಕೂಡ್ತಾನ, ಮಾತು ಬರಂಗಿಲ್ಲ. ಮಧ್ಯಾಹ್ನ ಮೂರರ ಮ್ಯಾಲೆ ಹೋಗ್ರಿ. ವಾರದ ರಜಾದ ಹಿಂದಿನ ಸಂಜಿ ಸಿಕ್ರ ಇನ್ನೂ ಚಲೋ.

ಸ್ಲೀಪರ್ ಬೋಗಿ:
ಕೌಲ್‌ಬಜಾರ್ ಒಳಗೆ ಕಾರು ಒಯ್ಯಬೇಡಿ, ತಿರುಗಿಸೋಕೆ ಜಾಗ ಇರಲ್ಲ. ಹೊರಗೆ ನಿಲ್ಲಿಸಿ ನಡೀರಿ. ಗೆಳೆಯ ತಿಂಡಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸ್ತಾನೆ, ದುಡ್ಡು ಕೊಡೋಕೆ ಕಿತ್ತಾಡಬೇಡಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಾಳೆ ಹೊರಡ್ತಿದೀವಿ, ಕಾರಲ್ಲೇ. ಡ್ಯಾಮಿನಿಂದ ಇವತ್ತು ಎಷ್ಟು ಬಿಟ್ಟಿದಾರೆ? ಕಂಪ್ಲಿ ಸೇತುವೆ ತೆರೆದಿದೆಯಾ?

ಮಾನ್ವಿ ಕಡೇ ಗದ್ದಿ:
ಹೊಳಿಗೆ ಬಿಟ್ಟದ್ದು ಗೊತ್ತಿಲ್ಲರಿ. ಕಾಲುವಿಗೆ ಬಿಟ್ಟದ್ದು ಇನ್ನೂ ನಮ್ಮ ತನಕ ಬಂದಿಲ್ಲ.