ಹೊಗೆಗೂಡಿನ ಬುಡದ ಸೀಸದ ತಗಡು: ತೇಪೆ ಸಾಕೇ, ಬದಲಿಸಬೇಕೇ?

ಪ್ರಶ್ನೆ (ಕೊಡಗಿನ ಮಾದಾಪುರದ ಸದಸ್ಯೆ):
ನಮಸ್ಕಾರ ಮೇಸ್ತ್ರಿಗಳೇ. ನಮ್ಮದು ಕಾಫಿ ತೋಟದ ನಡುವಿನ ಹಳೆಯ ಮನೆ. ಮಂಗಳೂರು ಹೆಂಚಿನ ಮಾಡನ್ನು ಸೀಳಿಕೊಂಡು ಇಟ್ಟಿಗೆಯ ಹೊಗೆಗೂಡು ಮೇಲೇರಿದೆ, ಅದು ಹೆಂಚನ್ನು ಕೂಡುವಲ್ಲಿ ಮಾವನವರ ಕಾಲದಲ್ಲಿ ಸುತ್ತಲೂ ಸೀಸದ ತಗಡು ಹೊದಿಸಿದ್ದಾರೆ. ಮೂರು ವರ್ಷಗಳ ಹಿಂದೆ ಅಲ್ಲಿ ಸೋರಲು ತೊಡಗಿದಾಗ ಸಿಮೆಂಟು ಮೆತ್ತಿಸಿದೆವು. ಮರುವರ್ಷವೇ ಅದು ಬಿರುಕು ಬಿಟ್ಟಿತು, ಅದರ ಮೇಲೆ ಡಾಂಬರು ಹಚ್ಚಿಸಿದೆವು. ಈ ಸಲದ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮಾಡನ್ನು ಹೊರುವ ಮರದ ಪಕಾಸುಗಳು ನೆನೆದು, ಅಟ್ಟದಲ್ಲಿಟ್ಟಿದ್ದ ಕರಿಮೆಣಸಿನ ಎರಡು ಚೀಲಗಳಿಗೆ ಬೂಸಲು ಹಿಡಿಯಿತು. ಸೀಸವನ್ನು ಕಿತ್ತು ಅಲ್ಯೂಮಿನಿಯಂ ಶೀಟು ಹಾಕಿಸಿರೆಂದು ಒಬ್ಬರು ಹೇಳುತ್ತಾರೆ. ತಮ್ಮ ಸಲಹೆ ಏನು?

ಉತ್ತರ (ಮೇಸ್ತ್ರಿ):
ಅಕ್ಕಾ, ಸರಿಯಾಗಿ ಕೂರಿಸಿದ ಸೀಸದ ತಗಡು ಅರವತ್ತು ವರ್ಷಗಳಿಗೂ ಮೀರಿ ಬಾಳುತ್ತದೆ. ನಾನು ಬಿಚ್ಚಿ ನೋಡಿದ ಹೊಗೆಗೂಡುಗಳಲ್ಲಿ ಹೆಚ್ಚಿನವು ಕೆಟ್ಟದ್ದು ಮುಪ್ಪಿನಿಂದಲ್ಲ. ಒಂದೇ ಉದ್ದನೆಯ ತುಂಡನ್ನು ಮೊಳೆ ಹೊಡೆದು ಬಿಗಿಮಾಡಿದ್ದರು, ಇಲ್ಲವೇ ಅದರ ಮೇಲೆ ಸಿಮೆಂಟು ಮೆತ್ತಿದ್ದರು.

ಸೀಸವು ಬಿಸಿಲಿಗೆ ಬಹಳವಾಗಿ ಹಿಗ್ಗುವ ಲೋಹ. ಮಾರ್ಚ್ ತಿಂಗಳ ನಡುಹಗಲಿಗೂ ನಸುಕಿಗೂ ನಡುವೆ ತಗಡಿನ ಬಿಸಿ 40 ಡಿಗ್ರಿಯಷ್ಟು ಏರಿಳಿದರೆ, 3 ಮೀಟರ್ ಉದ್ದದ ತುಂಡು ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಹಿಗ್ಗಲು ಜಾಗ ಸಿಗದಿದ್ದರೆ ಅದು ಉಬ್ಬಿ, ಮಡಿಕೆ ಬಿದ್ದು, ವರ್ಷಗಳು ಕಳೆದಂತೆ ಆ ಮಡಿಕೆಯಲ್ಲೇ ಸೀಳುತ್ತದೆ. ಸಿಮೆಂಟಿಗೆ ಈ ಅಲುಗಾಟವನ್ನು ತಾಳುವ ಗುಣವಿಲ್ಲ. ಕೂದಲೆಳೆಯಷ್ಟು ಬಿರುಕು ಬಿಟ್ಟು, ಅಲ್ಲಿಂದ ಹೊಕ್ಕ ನೀರನ್ನು ಹೊರಹೋಗದಂತೆ ಹಿಡಿದಿಡುತ್ತದೆ. ಸಾಲದ್ದಕ್ಕೆ ಹಸಿ ಸಿಮೆಂಟಿನ ಕ್ಷಾರವು ಸೀಸವನ್ನು ತಿನ್ನುತ್ತದೆ. ಡಾಂಬರು ಎರಡು ಬೇಸಿಗೆಗೆ ಒಣಗಿ ಚಕ್ಕೆ ಏಳುತ್ತದೆ, ಅಷ್ಟರವರೆಗೆ ನಿಜವಾದ ಸೀಳನ್ನು ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತದೆ. ತಮ್ಮ ಮನೆಯಲ್ಲಿ ಆಗಿರುವುದೂ ಬಹುಶಃ ಇದೇ.

ಆದರೆ ಯಾವುದನ್ನೂ ಕೀಳುವ ಮೊದಲು ನೀರು ಎಲ್ಲಿಂದ ಬರುತ್ತಿದೆಯೆಂದು ತಿಳಿಯಲೇಬೇಕು. ಮಳೆಯಿಲ್ಲದ ದಿನ ಒಬ್ಬರು ಟಾರ್ಚ್ ಹಿಡಿದು ಅಟ್ಟದಲ್ಲಿ ಕುಳಿತಿರಲಿ. ಇನ್ನೊಬ್ಬರು ತೋಟದ ಪೈಪಿನಿಂದ ಮೊದಲು ಹೊಗೆಗೂಡಿನ ಕೆಳಬದಿಯ ಹೆಂಚಿಗೆ, ಬಳಿಕ ಎರಡು ಪಕ್ಕಗಳಿಗೆ, ಆಮೇಲೆ ಹಿಂಬದಿಗೆ (ಇಳಿಜಾರಿನ ಮೇಲ್ಬದಿಗೆ), ಕಟ್ಟಕಡೆಗೆ ಇಟ್ಟಿಗೆಯ ಮೈಗೆ, ಒಂದೊಂದು ಕಡೆಗೂ ಹತ್ತು ನಿಮಿಷದಂತೆ ನೀರು ಬಿಡಲಿ. ಕೆಳಗಿನಿಂದ ಮೇಲಕ್ಕೆ ಹೋಗುವುದು ಮುಖ್ಯ. ಮೇಲಿನಿಂದ ತೊಡಗಿದರೆ ಎಲ್ಲ ಕಡೆಯೂ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ. ಇಟ್ಟಿಗೆಗೆ ನೀರು ಬಿಟ್ಟಾಗ ಮಾತ್ರ ಅಟ್ಟ ಒದ್ದೆಯಾದರೆ ತಪ್ಪು ಸೀಸದ್ದಲ್ಲ: ಇಟ್ಟಿಗೆಯ ಸಂದುಗಳ ಗಾರೆ ಉದುರಿರುತ್ತದೆ ಅಥವಾ ಹೊಗೆಗೂಡಿನ ನೆತ್ತಿ ಒಡೆದಿರುತ್ತದೆ. ಈ ಪರೀಕ್ಷೆಯನ್ನು ಮಾಡದೆ ಹೊಸ ತಗಡು ಹಾಕಿಸಿ, ಮತ್ತೆ ಸೋರಿದಾಗ ಕೆಲಸದವರನ್ನು ದೂರಿದ ಮನೆಗಳನ್ನು ನಾನು ಕಂಡಿದ್ದೇನೆ.

ಅಲ್ಯೂಮಿನಿಯಂ ಶೀಟಿನ ತೊಂದರೆ ಅದರ ಬಿರುಸುತನ. ಮಂಗಳೂರು ಹೆಂಚಿನ ಏರುತಗ್ಗುಗಳಿಗೆ ಅದು ಅಂಟಿಕೊಳ್ಳುವುದಿಲ್ಲ, ನಡುವೆ ಉಳಿದ ಸಂದಿನಲ್ಲಿ ಗಾಳಿ ಮಳೆ ಒಳಗೆ ನುಗ್ಗುತ್ತದೆ. ಸೀಸವನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಅದು ಹೆಂಚಿನ ಆಕಾರವನ್ನೇ ತಾಳುತ್ತದೆ. ಈ ಒಂದು ಗುಣಕ್ಕಾಗಿಯೇ ಹಿಂದಿನವರು ಅಷ್ಟು ಭಾರದ ಲೋಹವನ್ನು ಏಣಿಯ ಮೇಲೆ ಹೊತ್ತೊಯ್ದರು.

ಪ್ರಶ್ನೆ (ಅದೇ ಸದಸ್ಯೆ, ಐದು ದಿನಗಳ ಬಳಿಕ):
ತಾವು ಹೇಳಿದಂತೆಯೇ ಮಾಡಿದೆವು. ಕೆಳಬದಿಯಲ್ಲಿಯೂ ಪಕ್ಕಗಳಲ್ಲಿಯೂ ಒಂದು ಹನಿ ಇಳಿಯಲಿಲ್ಲ. ಹಿಂಬದಿಗೆ ಬಿಟ್ಟ ನಾಲ್ಕನೆಯ ನಿಮಿಷಕ್ಕೆ ಪಕಾಸಿನ ಮೇಲೆ ನೀರು ಕಂಡಿತು. ಹತ್ತಿ ನೋಡಿದರೆ ಅಲ್ಲಿ ಸಿಲ್ವರ್ ಓಕ್ ಎಲೆಗಳು ಕೊಳೆತು ಗೊಬ್ಬರವಾಗಿವೆ, ಪಾಚಿಯಡಿಯ ತಗಡಿನಲ್ಲಿ ಗೇಣುದ್ದದ ಸೀಳು ಇದೆ. ಆ ಸೀಳಿಗೆ ಮಾತ್ರ ತೇಪೆ ಹಾಕಿದರೆ ಸಾಲದೇ?

ಉತ್ತರ:
ಈ ಮಳೆಗಾಲ ಕಳೆಯುವವರೆಗೆ ಸಾಕು. ಎಲೆಗಳನ್ನು ತೆಗೆದು, ತಗಡನ್ನು ಉಜ್ಜಿ ಒಣಗಿಸಿ, ಬ್ಯುಟೈಲ್ ಟೇಪನ್ನು (ನೀರು ತಡೆಯುವ ರಬ್ಬರಿನಂತಹ ಅಂಟುಪಟ್ಟಿ) ಒತ್ತಿ ಕೂರಿಸಿ. ಶಾಶ್ವತ ಕೆಲಸಕ್ಕೆ ಆ ತುಂಡನ್ನೇ ಬದಲಿಸಬೇಕು, ಏಕೆಂದರೆ ಒಮ್ಮೆ ದಣಿದು ಸೀಳಿದ ಸೀಸವು ತೇಪೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಬೆಂಕಿಯಿಂದ ಬೆಸೆಯುತ್ತೇವೆಂದು ಯಾರಾದರೂ ಮುಂದೆ ಬಂದರೆ ದಯವಿಟ್ಟು ಒಪ್ಪಬೇಡಿ. ಒಣಗಿದ ಹಳೆಯ ರೀಪು ಪಕಾಸುಗಳ ಮೇಲೆ ಉರಿ ಹಿಡಿಯುವುದು ಮನೆಗೇ ಅಪಾಯ.

ಪಕ್ಕದ ತಗಡುಗಳು ಸೋರದಿರುವುದರಿಂದ ಅವುಗಳ ಮೇಲಿನ ಸಿಮೆಂಟನ್ನು ಉಳಿಯಿಂದ ಬಲವಾಗಿ ಕೀಳಲು ಹೋಗಬೇಡಿ. ಸಡಿಲವಾಗಿದ್ದಷ್ಟನ್ನು ಮಾತ್ರ ಬಿಡಿಸಿ.

ಹಿಂಬದಿಗೆ 2.24 ಮಿಲಿಮೀಟರ್ ದಪ್ಪದ ತಗಡು ಬೇಕು. ಮುಂದೆ ಎಂದಾದರೂ ಪಕ್ಕಗಳನ್ನು ಬದಲಿಸುವುದಾದರೆ 1.8 ಮಿಲಿಮೀಟರ್ ಸಾಕು. ಯಾವ ತುಂಡೂ ಒಂದೂವರೆ ಮೀಟರ್‌ಗಿಂತ ಉದ್ದವಿರಬಾರದು. ಒಂದರ ಮೇಲೊಂದು ಬರುವ ಹೊದಿಕೆ 100 ಮಿಲಿಮೀಟರ್ ಎಂಬುದು ಸಾಮಾನ್ಯ ಲೆಕ್ಕವಾದರೂ, ಮುಂಗಾರಿನ ಅಡ್ಡಮಳೆ ಬಡಿಯುವ ನಮ್ಮ ಊರುಗಳಲ್ಲಿ ನಾನು 150ಕ್ಕಿಂತ ಕಡಿಮೆ ಬಿಡುವುದಿಲ್ಲ. ಹೊಗೆಗೂಡಿನ ಗೋಡೆಗೆ ಆನಿಸಿ ಮೇಲೆತ್ತುವ ಭಾಗವೂ ಹೆಂಚಿನಿಂದ 150 ಮಿಲಿಮೀಟರ್ ಎತ್ತರವಿರಲಿ. ಅದನ್ನು ಮುಚ್ಚುವ ಮೇಲಿನ ಪಟ್ಟಿಯ ಅಂಚನ್ನು ಇಟ್ಟಿಗೆಯ ಸಂದನ್ನು ಒಂದು ಅಂಗುಲ ಕೊರೆದು ಒಳಗೆ ಮಡಚಿ, 450 ಮಿಲಿಮೀಟರ್‌ಗೆ ಒಂದರಂತೆ ಸೀಸದ ಬೆಣೆ ಹೊಡೆದು ನಿಲ್ಲಿಸಬೇಕು. ಸಂದನ್ನು ತುಂಬಲು ಸಿಮೆಂಟು ಬೇಡ, ಸೀಲೆಂಟ್ (ಒಣಗಿದ ಮೇಲೂ ಬಾಗುವ ಸಂದು ತುಂಬುವ ಅಂಟು) ಬಳಸಿ. ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವಾಗ ಒಂದು ಎಚ್ಚರಿಕೆ: ವಿನೆಗರ್‌ನಂತಹ ಹುಳಿವಾಸನೆ ಬರುವ ಸಿಲಿಕಾನ್ ಸೀಸವನ್ನು ಕೆಡಿಸುತ್ತದೆ, ನ್ಯೂಟ್ರಲ್ ಎಂದು ಬರೆದಿರುವುದನ್ನೇ ಆರಿಸಿ. ಮೊಳೆ ಬೇಕಾದ ಕಡೆ ತಾಮ್ರದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದು ಇರಲಿ, ಅದೂ ಮೇಲಿನ ಅಂಚಿಗೆ ಮಾತ್ರ.

ಪ್ರಶ್ನೆ (ಭಾಗಮಂಡಲದ ಸದಸ್ಯ):
ಮೇಸ್ತ್ರಿಗಳೇ, ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಮ್ಮ ಮನೆಯ ಮಾಡಿನಲ್ಲಿಯೂ ಎರಡು ಇಳಿಜಾರುಗಳು ಕೂಡುವಲ್ಲಿ ಸೀಸದ ತಗಡಿದೆ. ಮಳೆಗಾಲದಲ್ಲಿ ಮಾಡಿನ ನೀರನ್ನೇ ಟ್ಯಾಂಕಿಗೆ ತುಂಬಿಸಿ, ಕುದಿಸಿ ಕುಡಿಯುತ್ತೇವೆ. ತೊಂದರೆಯಿದೆಯೇ?

ಉತ್ತರ:
ಅಣ್ಣಾ, ಇದೆ. ಆ ನೀರನ್ನು ಇಂದಿನಿಂದಲೇ ಕುಡಿಯುವುದಕ್ಕೂ ಅಡುಗೆಗೂ ನಿಲ್ಲಿಸಿ. ಮಳೆನೀರು ಮೃದುವಾದದ್ದು, ತುಸು ಆಮ್ಲೀಯವಾದದ್ದು, ಆದ್ದರಿಂದ ಸೀಸವನ್ನು ಸುಲಭವಾಗಿ ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವು ಒಂದು ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಸೀಸವನ್ನು ಒಪ್ಪುವುದಿಲ್ಲ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಸೀಸ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳೋ ಬಸುರಿಯರೋ ಇದ್ದರೆ ಇದು ಇನ್ನೂ ಗಂಭೀರ, ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಮಾಡಿನ ನೀರು ಕುಡಿಯಲೇಬೇಕಾದ ಮನೆಗೆ ನಾನು ಸೀಸವನ್ನು ಶಿಫಾರಸು ಮಾಡುವುದಿಲ್ಲ. ಇಳಿಜಾರುಗಳು ಕೂಡುವ ಆ ಜಾಗ ನೇರವಾದದ್ದು, ಅಲ್ಲಿ ತಗಡು ಹೆಂಚಿನ ಅಡಿಯಲ್ಲಿ ಹೋಗುತ್ತದೆ. ಆದ್ದರಿಂದ ಮಡಚಿದ ಅಲ್ಯೂಮಿನಿಯಂ ಶೀಟು ಚೆನ್ನಾಗಿಯೇ ಕೂರುತ್ತದೆ. ಬದಲಿಸಿದ ಮೇಲೆ ಟ್ಯಾಂಕಿನ ತಳದ ಕೆಸರನ್ನು ಪೂರ್ತಿ ತೆಗೆದು ತೊಳೆದು, ನೀರನ್ನು ಪರೀಕ್ಷೆಗೆ ಕೊಡಿ.

ಪ್ರಶ್ನೆ (ಮಾದಾಪುರದ ಸದಸ್ಯೆ):
ನಮ್ಮದು ಬಾವಿಯ ನೀರು, ಆ ಚಿಂತೆಯಿಲ್ಲ. ಕೆಲಸವನ್ನು ಯಾವಾಗ ಇಟ್ಟುಕೊಳ್ಳಲಿ? ತೆಗೆದ ಹಳೆಯ ತಗಡನ್ನು ಕರಗಿಸಿ ಮೀನುಬಲೆಗೆ ಗುಂಡು ಮಾಡುತ್ತೇನೆಂದು ನಮ್ಮ ಕೆಲಸದವರು ಕೇಳುತ್ತಿದ್ದಾರೆ.

ಉತ್ತರ:
ಕಾಫಿ ಕೊಯ್ಲು ಮುಗಿದು ಆಳುಗಳು ಸಿಗುವ, ಕಾಫಿಯನ್ನು ಹೂಬಿಡಿಸುವ ಹೂಮಳೆ ಇನ್ನೂ ಬಾರದ ಆ ಕೆಲವು ವಾರಗಳೇ ಸರಿಯಾದ ಹೊತ್ತು. ಹೊಸ ತಗಡು ಹಾಕಿದ ದಿನವೇ ಪ್ಯಾಟಿನೇಷನ್ ಎಣ್ಣೆ (ಹೊಸ ಸೀಸದ ಮೈಗೆ ಹಚ್ಚುವ ರಕ್ಷಕ ಎಣ್ಣೆ) ಹಚ್ಚಿಸಿ, ಇಲ್ಲವಾದರೆ ಮೊದಲ ಮಳೆಗೆ ಹೆಂಚಿನ ಮೇಲೆ ಬಿಳಿಯ ಕಲೆ ಇಳಿಯುತ್ತದೆ. ಕೆಲಸ ಮಾಡುವವರು ಕೈಗವಸು ತೊಡಲಿ, ಸಾಬೂನಿನಿಂದ ಕೈ ತೊಳೆಯದೆ ಎಲೆ ಅಡಿಕೆಯನ್ನಾಗಲಿ ಬೀಡಿಯನ್ನಾಗಲಿ ಮುಟ್ಟದಿರಲಿ. ಹಳೆಯ ತಗಡನ್ನು ಅವರ ಕೈಗೆ ಕೊಡಬೇಡಿ ಅಕ್ಕಾ. ಸೀಸವು 327 ಡಿಗ್ರಿಗೇ ಕರಗುವುದರಿಂದ ಒಲೆಯ ಮೇಲೆ ಸುಲಭವಾಗಿ ನೀರಾಗುತ್ತದೆ, ಅದರ ಹೊಗೆಯೂ ಧೂಳೂ ಅಡುಗೆಮನೆಯಲ್ಲಿ ಕೂತು ಅವರ ಮಕ್ಕಳ ಮೈಸೇರುತ್ತದೆ. ಲೋಹದ ಗುಜರಿಯವರಿಗೆ ತೂಕಕ್ಕೆ ಮಾರಿ, ಬಂದ ಹಣವನ್ನು ಬೇಕಿದ್ದರೆ ಅವರಿಗೆ ಕೊಡಿ.