ಅಪ್‌ಡೇಟ್: ಫೀನಾಲ್ ಹೀರಿದ ಇದ್ದಿಲಿಗೆ ವಿದ್ಯುತ್ ಚಿಕಿತ್ಸೆ

ಕಾರ್ಕಳದ ನಮ್ಮ ಗೇರುಬೀಜ ಕಾರ್ಖಾನೆಯ ತ್ಯಾಜ್ಯನೀರಿನಿಂದ ಫೀನಾಲ್ ಎಂಬ ವಿಷಕಾರಿ ರಾಸಾಯನಿಕದ ಅಂಶಗಳನ್ನು ಹೀರಿ ತುಂಬಿಹೋದ ಸಕ್ರಿಯ ಇದ್ದಿಲನ್ನು (ಸೂಕ್ಷ್ಮ ರಂಧ್ರಗಳಿರುವ ಇದ್ದಿಲು), ಕುಲುಮೆಗೆ ಕಳುಹಿಸದೆ ವಿದ್ಯುತ್ತಿನಿಂದಲೇ ಶುದ್ಧಗೊಳಿಸಬಹುದೇ ಎಂದು ಕೇಳಿದ್ದೆ. ಇದ್ದಿಲನ್ನು ಋಣಾಗ್ರಕ್ಕೆ (ವಿದ್ಯುತ್ತಿನ ಋಣ ತುದಿಗೆ) ತಾಗಿಸಿಡಿ ಎಂಬ ಸಲಹೆಯಂತೆ ಉಪ್ಪುನೀರಿನ ಸಣ್ಣ ತೊಟ್ಟಿಯಲ್ಲಿ ಪ್ರಯೋಗಿಸಿದೆವು, ಫಲ ಆಶಾದಾಯಕವಾಗಿದೆ.

ಋಣಾಗ್ರದ ಬಳಿ ನೀರು ಒಡೆದು ಹೈಡ್ರೋಜನ್ ಅನಿಲ ಮತ್ತು ಹೈಡ್ರಾಕ್ಸೈಡ್ ಅಯಾನುಗಳು ಉಂಟಾಗುವುದರಿಂದ ಅಲ್ಲಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರುತ್ತದೆ. ಅದು 10ನ್ನು ದಾಟಿದಾಗ ಫೀನಾಲಿನ ಬಹುಪಾಲು ಋಣ ಆವೇಶದ ಫೀನೋಲೇಟ್ ಆಗಿ, ಅದೇ ಆವೇಶ ಹೊತ್ತ ಇದ್ದಿಲಿನಿಂದ ಬಿಡಿಸಿಕೊಂಡು ನೀರಿಗಿಳಿಯುತ್ತದೆ. 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆಯಲ್ಲಿ ಪ್ರತಿ ಸಲವೂ ಸ್ವಲ್ಪ ಇದ್ದಿಲು ಸುಟ್ಟುಹೋಗುತ್ತದೆ, ಇಲ್ಲಿ ಅಂಥ ನಷ್ಟ ಕಾಣಲಿಲ್ಲ. ಆದರೂ ಈ ಇದ್ದಿಲು ಹೊಸದರಷ್ಟು ಹೀರುತ್ತಿಲ್ಲ; ಅತಿ ಕಿರಿದಾದ ರಂಧ್ರಗಳೊಳಗೆ ಸಿಕ್ಕಿಕೊಂಡದ್ದು ಸುಲಭಕ್ಕೆ ಹೊರಬರುವುದಿಲ್ಲ. (ಹೈಡ್ರೋಜನ್ ಹೊರಹೋಗಲು ತೊಟ್ಟಿಯ ಮೇಲ್ಭಾಗ ತೆರೆದಿರಲೇಬೇಕು.)

ನನಗೆ ಹೆಚ್ಚು ಚಿಂತೆ ತಂದದ್ದು ಧನಾಗ್ರ. ಉಪ್ಪಿನ ಕ್ಲೋರೈಡ್ ಅಲ್ಲಿ ಕ್ಲೋರಿನ್ ಆಗಿ, ಬಿಡುಗಡೆಯಾದ ಫೀನಾಲಿನೊಡನೆ ಸೇರಿ ಕ್ಲೋರೋಫೀನಾಲ್‌ಗಳನ್ನು ಉಂಟುಮಾಡಬಲ್ಲದು. ಇವುಗಳಲ್ಲಿ ಕೆಲವು ಫೀನಾಲಿಗಿಂತಲೂ ವಿಷಕಾರಿ. ಮಳೆಗಾಲದಲ್ಲಿ ತೋಡು ತುಂಬಿ ಗದ್ದೆ, ಬಾವಿಗಳತ್ತ ನುಗ್ಗುವ ಈ ಊರಿನಲ್ಲಿ ಆ ದ್ರಾವಣವನ್ನು ಹೊರಬಿಡುವ ಮಾತೇ ಇಲ್ಲ. ಆದ್ದರಿಂದ ಮುಂದಿನ ಪ್ರಯೋಗವನ್ನು ಉಪ್ಪಿನ ಬದಲು, ಕ್ಲೋರೈಡ್ ಇಲ್ಲದ ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ನಡೆಸಲಿದ್ದೇವೆ.