ಸಹಾಯ ಬೇಕು: ಸೆಲ್ಯುಲೈಟಿಸ್ ಇಳಿದ ಮೇಲೆ ಆನೆಕಾಲಿಗೆ ಬ್ಯಾಂಡೇಜ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಆನೆಕಾಲು ಇರುವವರೊಬ್ಬರ ಎಡಗಾಲಿಗೆ ಸೆಲ್ಯುಲೈಟಿಸ್ (ಚರ್ಮ ಮತ್ತು ಅದರಡಿಯ ಸೋಂಕು) ಆಗಿತ್ತು. ಜ್ವರ, ನಡುಕ ನಿಂತಿವೆ, ಕೆಂಪಾದ ಜಾಗದ ಅಂಚಿಗೆ ಪೆನ್ನಿನಲ್ಲಿ ಎಳೆದ ಗೆರೆಯಿಂದ ಕೆಂಪು ಒಳಕ್ಕೆ ಸರಿದಿದೆ. ಆಂಟಿಬಯೋಟಿಕ್ 14 ದಿನ ಪೂರ್ತಿ ನಡೆಯುತ್ತೆ.

ಮುಟ್ಟಿದರೆ ನೋವು ಇರುವತನಕ ಕಟ್ಟುವುದಿಲ್ಲ, ಉಜ್ಜುವುದೂ ಇಲ್ಲ (ಎಣ್ಣೆ ಮಸಾಜ್ ಸಲಹೆ ದಯವಿಟ್ಟು ಬೇಡ). ಆಮೇಲೆ ಬೇಕಾಗುವುದು ಶಾರ್ಟ್ ಸ್ಟ್ರೆಚ್ (ಸ್ವಲ್ಪವೇ ಹಿಗ್ಗುವ) ಬ್ಯಾಂಡೇಜ್: ಪಾದಕ್ಕೆ 8 ಸೆಂ.ಮೀ. ಅಗಲದ್ದು 1, ಮೊಣಕಾಲವರೆಗೆ 10 ಸೆಂ.ಮೀ. ಅಗಲದ್ದು 2, ಒಳಗೆ ಹತ್ತಿಯ ಪ್ಯಾಡಿಂಗ್. ಮೆಡಿಕಲ್ ಶಾಪಿನವರು ಕೊಡುವ ಕಂದು ಕ್ರೇಪ್ ಆಗಲ್ಲ. ಅದು ನಡೆಯುವಾಗ ಸ್ನಾಯುವಿನ ಜೊತೆಗೇ ಹಿಗ್ಗಿಬಿಡುತ್ತೆ, ಮಲಗಿದಾಗ ಸುಮ್ಮನೆ ಹಿಂಡುತ್ತೆ. ಊತಕ್ಕೆ ಹಾಕುವ ಹಳೆ ಬಿಗಿ ಸ್ಟಾಕಿಂಗ್ ಈಗ ಹಿಡಿಸಲ್ಲ; ಊತ ಇಳಿದು ಸುತ್ತಳತೆ ಒಂದೇ ಕಡೆ ನಿಂತ ಮೇಲೆ ಹೊಸ ಅಳತೆ ಕೊಡಬೇಕು.

ಕಲಬುರಗಿ, ಬೀದರ್ ಕಡೆ ಇದು ಎಲ್ಲಿ ಸಿಗುತ್ತೆ? ಕಟ್ಟಲು ಕಲಿತ ಫಿಸಿಯೋಥೆರಪಿಸ್ಟ್ ಯಾರಾದರೂ ಇದ್ದಾರಾ? ಕಾಸರಗೋಡಿನ ಆನೆಕಾಲು ಚಿಕಿತ್ಸಾ ಕೇಂದ್ರ ಗೊತ್ತು, ಆದರೆ ಕಾಲು ಇಳಿಬಿಟ್ಟು ಅಷ್ಟು ದೂರದ ಪ್ರಯಾಣ ಸದ್ಯಕ್ಕೆ ಬೇಡ.

ಕಿರುಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ನೆನೆದು ಬಿರಿದಿದೆ, ಸೋಂಕು ಹೊಕ್ಕಿದ್ದು ಬಹುಶಃ ಅಲ್ಲಿಂದಲೇ. ತೊಳೆದು, ಒತ್ತಿ ಒಣಗಿಸಿ, ಕ್ಲೋಟ್ರಿಮಜೋಲ್ (ಶಿಲೀಂಧ್ರ ಸೋಂಕಿನ ಮುಲಾಮು) ಹಚ್ಚುತ್ತಿದ್ದಾರೆ.

ಇನ್ನೊಂದು: ಒಂದೇ ವರ್ಷದಲ್ಲಿ ಇದು ಎರಡನೇ ಸಲ. ಮತ್ತೆ ಬಾರದಂತೆ 3 ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ 12 ಲಕ್ಷ ಯುನಿಟ್ ಇಂಜೆಕ್ಷನ್ ಬರೆದಿದ್ದಾರೆ, ಅಲರ್ಜಿ ಇಲ್ಲ. ಇದರ ಸ್ಟಾಕ್ ತಪ್ಪದೆ ಇಡುವ ಔಷಧದಂಗಡಿ ಗೊತ್ತಿದ್ದರೆ ತಿಳಿಸಿ. ಬ್ಯಾಂಡೇಜ್ ಕೊರಿಯರ್‌ನಲ್ಲಿ ಬಂದರೂ ನಡೆಯುತ್ತೆ, ಖರ್ಚು ನಮ್ಮದೇ.